ಭಾಷಾಂತರಕ್ಕೆ ದಕ್ಕದ ಗ್ರಾಹಕರು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹಾಲು ಸಂಸ್ಕರಣಾಗಾರರ ಮಂಡಳಿಯು 1993ರಲ್ಲಿ ‘ಗಾಟ್ ಮಿಲ್ಕ್?’ ಎಂಬ ಎರಡೇ ಪದಗಳ ಜಾಹೀರಾತನ್ನು ಆರಂಭಿಸಿತು. ‘ಹಾಲು ಇದೆಯೇ?’ ಎಂಬುದು ಅದರ ಭಾವ. ಬಾಯಿತುಂಬ ತಿನಿಸು, ನುಂಗಲು ತೊಟ್ಟು ಹಾಲಿಲ್ಲ. ಆ ಪೇಚಾಟವೇ ಅದರ ಹಾಸ್ಯ. ಈ ಜಾಹೀರಾತು ಇಂಗ್ಲಿಷ್ ಭಾಷಿಕರಲ್ಲಿ ಮನೆಮಾತಾಯಿತು.

ಆದರೆ ಅದೇ ರಾಜ್ಯದಲ್ಲಿ ಸ್ಪ್ಯಾನಿಷ್ ಮಾತನಾಡುವ ಲಕ್ಷಾಂತರ ಕುಟುಂಬಗಳಿದ್ದವು. ಈ ಪ್ರಶ್ನೆಯನ್ನು ಪದಶಃ ಸ್ಪ್ಯಾನಿಷ್‌ಗೆ ಇಳಿಸಿದರೆ, ‘ನಿಮ್ಮ ಎದೆಯಲ್ಲಿ ಹಾಲಿದೆಯೇ?’ ಎಂದು ತಾಯಂದಿರನ್ನು ಕೇಳಿದಂತಾಗುತ್ತಿತ್ತು.

ಈ ಅಪಾಯವನ್ನು ಅರಿತಿದ್ದವರು ಅನಿತಾ ಸ್ಯಾಂಟಿಯಾಗೊ. ವೆನೆಜುವೆಲಾ ಮೂಲದ ಈ ಮಹಿಳೆ 1987ರಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸ್ವಂತ ಜಾಹೀರಾತು ಸಂಸ್ಥೆ ಸ್ಥಾಪಿಸಿದ್ದರು. ಅದು ವಲಸಿಗರ ಭಾಷೆಗೆ ಅನುಕೂಲಕರ ಕಾಲವಾಗಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಕ್ಯಾಲಿಫೋರ್ನಿಯಾದ ಶೇ. 73ರಷ್ಟು ಮತದಾರರು ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿಸುವ ಪ್ರಸ್ತಾವನೆಗೆ ಒಪ್ಪಿಗೆ ನೀಡಿದ್ದರು. ಆದರೆ ಜನಗಣತಿ ಬೇರೆಯದನ್ನೇ ಹೇಳುತ್ತಿತ್ತು. 1980ರಲ್ಲಿ 1.46 ಕೋಟಿಯಷ್ಟಿದ್ದ ಅಮೆರಿಕದ ಹಿಸ್ಪ್ಯಾನಿಕ್ ಜನಸಂಖ್ಯೆ 1990ರ ವೇಳೆಗೆ 2.24 ಕೋಟಿಗೆ ಏರಿತು. ರಾಜಕೀಯವು ಕಡೆಗಣಿಸಬಯಸಿದ ಭಾಷೆಯನ್ನು ಮಾರುಕಟ್ಟೆ ಕಡೆಗಣಿಸುವಂತಿರಲಿಲ್ಲ.

ಭಾಷಾಂತರವೇ ಬೇಡ, ಹಾಸ್ಯವನ್ನೂ ಕೈಬಿಡಬೇಕು ಎಂಬುದು ಸ್ಯಾಂಟಿಯಾಗೊ ಅವರ ನಿಲುವಾಗಿತ್ತು. ಲ್ಯಾಟಿನ್ ಅಮೆರಿಕದ ಕುಟುಂಬಗಳಲ್ಲಿ ಮಕ್ಕಳಿಗೆ ಉಣಬಡಿಸುವುದು ತಾಯಿ, ಅಜ್ಜಿಯರ ಹೆಮ್ಮೆ. ಕೊರತೆಯನ್ನು ಕಂಡುಬಂದ ಆ ಮನೆಗಳಲ್ಲಿ ಹಾಲು ಮುಗಿಯುವುದು ನಗೆಯ ವಿಷಯವಲ್ಲ, ತಲೆತಗ್ಗಿಸುವ ಸಂಗತಿ. ಹೀಗಾಗಿ 1994ರ ಸ್ಪ್ಯಾನಿಷ್ ಜಾಹೀರಾತುಗಳು ಅಡುಗೆಮನೆಯನ್ನೂ ಅಲ್ಲಿ ಹಾಲಿನ ತಿನಿಸು ತಯಾರಿಸುವ ಹೆಂಗಸರನ್ನೂ ತೋರಿಸಿದವು. ‘ನೀವು ಅವರಿಗೆ ಇಂದು ಸಾಕಷ್ಟು ಹಾಲು ಕೊಟ್ಟಿರಾ?’ ಎಂಬುದು ಹೊಸ ಪ್ರಶ್ನೆಯಾಯಿತು.

ಬಹುಸಂಸ್ಕೃತಿ ಮಾರಾಟ ಸಂಸ್ಥೆಗಳು ಮಾಡುವ ಕೆಲಸವೇ ಇದು. ಮನೆಯಲ್ಲಿ ಖರೀದಿಯನ್ನು ನಿರ್ಧರಿಸುವವರು ಯಾರು? ಯಾವ ಮಾತು ನಗಿಸುತ್ತದೆ, ಯಾವುದು ನೋಯಿಸುತ್ತದೆ? ವಲಸೆ ಬಂದ ಹಿರಿಯರು ಯಾವ ಭಾಷೆಯಲ್ಲಿ ಟೀವಿ ನೋಡುತ್ತಾರೆ, ಅಲ್ಲೇ ಹುಟ್ಟಿದ ಮಕ್ಕಳು ಯಾವುದರಲ್ಲಿ? ಇವಕ್ಕೆ ನಿಘಂಟಿನಲ್ಲಿ ಉತ್ತರವಿಲ್ಲ. ಆ ಬದುಕನ್ನು ಒಳಗಿನಿಂದ ಬಲ್ಲವರೇ ಉತ್ತರಿಸಬೇಕು. ವಲಸಿಗ ವೃತ್ತಿಪರರಿಗೆ ಇಂಗ್ಲಿಷ್ ಸಂಸ್ಥೆಗಳಲ್ಲಿ ತೊಡಕೆನಿಸಬಹುದಾದ ಹಿನ್ನೆಲೆಯೇ ಇಲ್ಲಿ ಬಂಡವಾಳವಾಗುತ್ತದೆ.

2020ರ ಜನಗಣತಿಯಲ್ಲಿ ಅಮೆರಿಕದ ಹಿಸ್ಪ್ಯಾನಿಕ್ ಜನಸಂಖ್ಯೆ 6.21 ಕೋಟಿ ತಲುಪಿತು. ಇಂದು ಆ ದೇಶದಲ್ಲಿ ಸ್ಪ್ಯಾನಿಷ್ ಜಾಹೀರಾತು ಬೇಕೇ ಎಂದು ಕೇಳುವವರು ವಿರಳ. ಅದನ್ನು ಆ ಭಾಷೆಯಲ್ಲೇ ಯೋಚಿಸಿ ಬರೆಯಬೇಕೇ, ಇಂಗ್ಲಿಷಿನಿಂದ ಇಳಿಸಿದರೆ ಸಾಕೇ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಹಿಂದಿ ಜಾಹೀರಾತಿಗೆ ಕನ್ನಡದ ಧ್ವನಿ ಜೋಡಿಸಿದ್ದನ್ನು ದಿನವೂ ಕೇಳುವ ನಮಗೂ ಈ ಪ್ರಶ್ನೆ ಹೊಸದೇನಲ್ಲ.