ಗ್ರಂಥ ತೋರಿಸಿದ ದಾರಿ

ಸಿನಿಮಾ ನೋಡಿ, ಪುಸ್ತಕ ಓದಿ ಊರು ಹುಡುಕಿಕೊಂಡು ಹೋಗುವ ಹುಚ್ಚು ಈಚಿನದೆಂದು ಹಲವರ ಎಣಿಕೆ. 1975ರಲ್ಲಿ ‘ಶೋಲೆ’ ತೆರೆಕಂಡ ಮೇಲೆ ರಾಮನಗರದ ಬಂಡೆಗಳಿಗೆ ಗಬ್ಬರ್‌ಸಿಂಗನ ಹೆಸರು ಅಂಟಿಕೊಂಡಿತು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆಗುಂಬೆಯ ಮನೆಯನ್ನು ಜನ ಇಂದಿಗೂ ಕೇಳಿಕೊಂಡು ಹೋಗುತ್ತಾರೆ. ಆದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಒಂದು ಗ್ರಂಥ ಈ ಕೆಲಸವನ್ನು ಶತಮಾನಗಳಿಂದ ಮಾಡುತ್ತ ಬಂದಿದೆ. ಗ್ರಂಥ ‘ಗುರುಚರಿತ್ರೆ’, ಊರು ದೇವಲ ಗಾಣಗಾಪುರ.

ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನೃಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ್ದರು. ಅವರ ಚರಿತ್ರೆಯನ್ನು ಏಳು ದಿನಗಳಲ್ಲಿ ಪಾರಾಯಣ ಮಾಡಿ ಮುಗಿಸುವುದು ಮಹಾರಾಷ್ಟ್ರದ ಅನೇಕ ಮನೆಗಳಲ್ಲಿ ವಾಡಿಕೆ. ಹಾಗೆ ಓದಿದವರಿಗೆ ಗಾಣಗಾಪುರ ಕಾಣದ ಊರಲ್ಲ. ಸಂಗಮ ಎಲ್ಲಿ, ಮಠ ಎಲ್ಲಿ, ಗುರುಗಳು ಮಧ್ಯಾಹ್ನ ಯಾವ ಹೊತ್ತಿಗೆ ಭಿಕ್ಷೆಗೆ ಬರುತ್ತಿದ್ದರು ಎಂಬುದೆಲ್ಲ ರೈಲು ಇಳಿಯುವ ಮೊದಲೇ ಗೊತ್ತು.

ಊರಲ್ಲಿ ಮಠ, ಊರಾಚೆ ಭೀಮಾ–ಅಮರ್ಜಾ ಸಂಗಮ ಎಂದು ನೋಡುವ ಸ್ಥಳ ಎರಡಾದದ್ದೇಕೆ? ಅದಕ್ಕೂ ಗ್ರಂಥದಲ್ಲಿ ಕಥೆಯಿದೆ. ಗುರುಗಳು ಮೊದಲು ಇದ್ದದ್ದು ಸಂಗಮದ ಬಳಿ. ಬಡ ಬ್ರಾಹ್ಮಣನೊಬ್ಬನ ಮನೆಗೆ ಭಿಕ್ಷೆಗೆ ಹೋದಾಗ, ಮಣ್ಣು ಹೊರಲು ಬಾಡಿಗೆಗೆ ಕೊಡುತ್ತಿದ್ದ ಅವನ ಗೊಡ್ಡೆಮ್ಮೆಯ ಹಾಲನ್ನೇ ಕೇಳಿದರಂತೆ. ಮನೆಯಾಕೆ ಕರೆಯಲು ಕೂತರೆ ಎರಡು ಪಾತ್ರೆ ತುಂಬಿತು. ಮರುದಿನ ಎಮ್ಮೆಯನ್ನು ಬಾಡಿಗೆಗೆ ಒಯ್ಯಲು ಬಂದವರಿಂದ ಸುದ್ದಿ ಹಬ್ಬಿ, ಊರ ಅಧಿಪತಿಯೇ ಹೋಗಿ ಗುರುಗಳನ್ನು ಪಲ್ಲಕ್ಕಿಯಲ್ಲಿ ಕರೆತಂದ. ಯಾತ್ರಿಕರು ಈಗಲೂ ಸಂಗಮದಲ್ಲಿ ಮಿಂದು, ಮಠಕ್ಕೆ ಬಂದು ಪುಟ್ಟ ಕಿಂಡಿಯಲ್ಲಿ ನಿರ್ಗುಣ ಪಾದುಕೆಯ ದರ್ಶನ ಪಡೆಯುತ್ತಾರೆ. ಮಧ್ಯಾಹ್ನ ಮಧುಕರಿ ಬೇಡುತ್ತಾರೆ, ನೀಡುತ್ತಾರೆ. ಬೇಡುವವರ ಸಾಲಿನಲ್ಲಿ ಗುರುವೇ ವೇಷ ಮರೆಸಿ ನಿಂತಿರಬಹುದೆಂಬ ನಂಬಿಕೆ ಇದಕ್ಕೆ ಕಾರಣ.

ಇನ್ನೊಂದು ಅಧ್ಯಾಯವಂತೂ ಪ್ರವಾಸಿ ಕೈಪಿಡಿಯೇ ಸರಿ. ಕಾಶಿ, ಪ್ರಯಾಗ, ಗಯೆಯ ಮಾತೆತ್ತಿದ ಗುರುಗಳು, ಅವೆಲ್ಲ ಇಲ್ಲೇ ಇವೆ ಎಂದು ಶಿಷ್ಯರಿಗೆ ಷಟ್ಕುಲದಿಂದ ಮನ್ಮಥದವರೆಗೆ ಎಂಟು ತೀರ್ಥಗಳನ್ನು ಸುತ್ತಿಸಿ ತೋರಿಸುತ್ತಾರೆ. ದೂರದ ಯಾತ್ರೆಯ ಖರ್ಚು ಹೊರಲಾರದವರಿಗೆ ಇದು ಸಣ್ಣ ಸಮಾಧಾನವಾಗಿರಲಿಲ್ಲ. ಅಮರ್ಜೆಯೂ ಅಲ್ಲಿ ದೇವಲೋಕದ ಅಮೃತ ಚೆಲ್ಲಿ ಹುಟ್ಟಿದ ನದಿ. ಭೂಗೋಳದ ಲೆಕ್ಕದಲ್ಲಿ ಅದು ಆಳಂದ ತಾಲ್ಲೂಕಿನ ಹೊಳೆ. ಕೋರಳ್ಳಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಅದನ್ನು ಕೂಡಿಸಿಕೊಂಡ ಭೀಮೆ ಜೇವರ್ಗಿ ಸೀಮೆಯನ್ನು ಹಾಯ್ದು ಕೃಷ್ಣೆಗೆ ಸೇರುತ್ತದೆ.

ಆಳಂದ ತಾಲ್ಲೂಕಿನ ಪಾಲು ನೀರಿನದಷ್ಟೇ ಅಲ್ಲ. ಗ್ರಂಥ ಬರೆದ ಸರಸ್ವತಿ ಗಂಗಾಧರನ ಮನೆತನ ಅದೇ ತಾಲ್ಲೂಕಿನ ಕಡಗಂಚಿಯದು. ಅವನ ಪೂರ್ವಜ ಸಾಯಂದೇವ ಗುರುಗಳ ನೇರ ಶಿಷ್ಯ. ಕನ್ನಡ ಮನೆಮಾತಿನ ಸರಸ್ವತಿ ಗಂಗಾಧರ ಬರೆದದ್ದು ಮರಾಠಿ ಓವಿಗಳಲ್ಲಿ. ಆ ಭಾಷೆ ತನಗೆ ಬಾರದೆಂದು ಗ್ರಂಥದಲ್ಲೇ ಒಪ್ಪಿಕೊಂಡಿದ್ದಾನೆ. ಕವಿಗಳ ಇಂಥ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ. ಬಾರದ ಭಾಷೆಯಲ್ಲಿ ಐವತ್ತಕ್ಕೂ ಮಿಕ್ಕಿ ಅಧ್ಯಾಯಗಳನ್ನು ಬರೆಯಲಾದೀತೆ? ಭೀಮೆಯ ದಂಡೆಯಲ್ಲಿ ಆಗ ಎರಡೂ ನುಡಿಗಳು ಒಂದೇ ಅಂಗಳದಲ್ಲಿ ಆಡುತ್ತಿದ್ದವು. ರಾಜ್ಯಗಳ ಗಡಿ ಬಂದದ್ದು 1956ರಲ್ಲಿ.

ಗಾಣಗಾಪುರಕ್ಕೆ ಹೋಲಿಸಿದರೆ ಕಡಗಂಚಿಗೆ ಬರುವ ಯಾತ್ರಿಕರು ಕಡಿಮೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದಿಂದಲೇ ಅನೇಕರಿಗೆ ಈ ಊರಿನ ಹೆಸರು ಪರಿಚಯ. ಆದರೂ ಕಡಗಂಚಿಯ ಮಾತು ಗ್ರಂಥದಿಂದ ಮಾಯವಾಗಿಲ್ಲ. ಸಾಯಂದೇವ ಗುರುವನ್ನು ಸ್ತುತಿಸುವ ಭಾಗದಲ್ಲಿ ಮರಾಠಿ ಓವಿಗಳ ನಡುವೆ ಕನ್ನಡದ ಹಾಡುಗಳು ಹಾಗೆಯೇ ಉಳಿದಿವೆ. ಕನ್ನಡ ತಿಳಿಯದ ಮರಾಠಿ ಮನೆಗಳಲ್ಲೂ ಪಾರಾಯಣ ಅಲ್ಲಿಗೆ ಬಂದಾಗ, ದೇವನಾಗರಿಯಲ್ಲಿ ಅಚ್ಚಾದ ಆ ಕನ್ನಡವನ್ನು ಬಿಡದೆ ಓದುತ್ತಾರೆ.