ಕಡಲೊಳಗೊಂದು ಗಾಳಿಪಟ

ಬಳೇಪೇಟೆಯ ಒತ್ತೊತ್ತಾದ ತಾರಸಿಗಳ ಮೇಲೆ ನಿಂತು ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆ ಗೊತ್ತು, ಪಟ ಎಷ್ಟೇ ಚೆನ್ನಾಗಿರಲಿ, ಕೈಯಲ್ಲಿರುವ ದಾರದ ಉಂಡೆ ಸಿಕ್ಕುಬಿದ್ದರೆ ಆಟ ಮುಗಿಯಿತು. ಸ್ಕೂಬಾ ಡೈವಿಂಗ್‌ನಲ್ಲೂ ಇಂಥದ್ದೇ ಒಂದು ದಾರದ ಉಂಡೆ ಇದೆ. ಅಲ್ಲಿ ಸಿಕ್ಕುಬಿದ್ದರೆ ಮಾತ್ರ ಅಪಾಯ ದಾರ ಹಿಡಿದವರಿಗೇ!

2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ಕಡಲಿಗಿಳಿದದ್ದನ್ನು ನೋಡಿದ ಮೇಲೆ ‘ನಾವೂ ಒಮ್ಮೆ ಹೋಗೋಣ’ ಅನ್ನದ ಕಾಲೇಜು ಹುಡುಗರು ಕಡಿಮೆ. ಮುರುಡೇಶ್ವರದಿಂದ ದೋಣಿ ಹತ್ತಿ ಹೋಗಿ ಒಮ್ಮೆ ಮುಳುಗಿ ಬರುವವರನ್ನು ತರಬೇತುದಾರರೇ ಹಿಡಿದುಕೊಂಡಿರುತ್ತಾರೆ. ಆದರೆ ಕೋರ್ಸ್ ಮಾಡಿ ಜೊತೆಗಾರನೊಂದಿಗೆ ಸ್ವತಂತ್ರವಾಗಿ ಇಳಿಯಬೇಕು, ಮುಂದೆ ಡೈವ್ ಗೈಡ್ ಆಗಿ ಇದನ್ನೇ ಕೆಲಸ ಮಾಡಿಕೊಳ್ಳಬೇಕು ಎನ್ನುವವರು ಈ ದಾರದ ಬಗ್ಗೆ ತಿಳಿಯಲೇಬೇಕು.

ದಾರ ಯಾಕೆ ಬೇಕು? ನೀರೊಳಗಿನ ಸೆಳೆತ ನಮ್ಮನ್ನು ದೋಣಿಯಿಂದ ದೂರ ಒಯ್ಯಬಹುದು. ಅಲೆಗಳ ನಡುವೆ ಮನುಷ್ಯನ ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಸುತ್ತ ಬೇರೆ ದೋಣಿಗಳೂ ಓಡಾಡುತ್ತಿರುತ್ತವೆ. ಅದಕ್ಕೇ ಡೈವರ್ ಮೇಲೆ ಬರುವ ಮೊದಲೇ ಉದ್ದನೆಯ ಕಿತ್ತಳೆ ಬಣ್ಣದ ಚೀಲಕ್ಕೆ ಗಾಳಿ ತುಂಬಿ ದಾರ ಕಟ್ಟಿ ಮೇಲಕ್ಕೆ ಬಿಡುತ್ತಾನೆ. ಅದರ ಹೆಸರು ‘ಎಸ್‌ಎಂಬಿ’. ಚೀಲ ಮೇಲೆ ನಿಂತರೆ ‘ಇಲ್ಲಿ ಕೆಳಗೆ ಮನುಷ್ಯರಿದ್ದಾರೆ’ ಎಂದು ದೋಣಿಯವರಿಗೆ ಗೊತ್ತಾಗುತ್ತದೆ.

ಈ ದಾರವನ್ನು ಸುತ್ತಿಡಲು ಎರಡು ಸಾಧನಗಳಿವೆ. ರೀಲ್‌ಗೆ ಹಿಡಿಕೆ, ತಿರುಗಿಸುವ ಗುಬುಟು, ಬಿಗಿ ಮಾಡುವ ತಿರುಪು ಇರುತ್ತವೆ. ಸ್ಪೂಲ್ ಎಂದರೆ ನಡುವೆ ತೂತಿರುವ ಬರೀ ಒಂದು ಉರುಳೆ. ನೋಡಲು ರೀಲ್ ಚೆಂದ, ನಿಜ. ಆದರೆ ಎಂಜಿನಿಯರಿಂಗ್‌ನಲ್ಲಿ ನಾವು ಓದುವ ಪಾಠ ಇಲ್ಲೂ ಅನ್ವಯ: ಬಿಡಿಭಾಗ ಹೆಚ್ಚಿದಷ್ಟೂ ಕೈಕೊಡುವ ಜಾಗಗಳೂ ಹೆಚ್ಚು. ಹೊಸಬರಿಗೆ ಸ್ಪೂಲ್ ಸಾಕು.

ಎಷ್ಟು ಉದ್ದದ ದಾರ? ಆರಂಭದ ಕೋರ್ಸ್ ಮುಗಿಸಿದವರ ಮಿತಿ ಸಾಮಾನ್ಯವಾಗಿ 18 ಮೀಟರ್ ಆಳ. ಸೆಳೆತಕ್ಕೆ ದಾರ 45 ಡಿಗ್ರಿ ವಾಲಿತು ಎನ್ನಿ, ಆಗ ಬೇಕಾಗುವುದು 25 ಮೀಟರ್‌ಗೂ ಹೆಚ್ಚು. ಹಾಗಾಗಿ 30 ಮೀಟರ್ ದಾರವಿರುವ ಸ್ಪೂಲ್ ಒಳ್ಳೆಯದು. ದಾರ ಹೆಣೆದ ನೈಲಾನ್‌ನದ್ದಾಗಿರಲಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ನೀರಲ್ಲಿ ತೇಲುತ್ತದೆ, ಸಡಿಲಾದರೆ ಮೈಗೆ, ಸಿಲಿಂಡರ್‌ಗೆ ಸುತ್ತಿಕೊಳ್ಳುತ್ತದೆ. ಕೊಕ್ಕೆ ತುಕ್ಕು ಹಿಡಿಯದ ಸ್ಟೀಲಿನದ್ದೇ ಇರಲಿ.

ಬಳಸುವಾಗ ನೆನಪಿಡಬೇಕಾದ ಮುಖ್ಯ ನಿಯಮ ಒಂದೇ. ಚೀಲ ಬಿಡುವ ಹೊತ್ತಿಗೆ ಸ್ಪೂಲ್ ನಿಮ್ಮ ಮೈಗೆ ಸಿಕ್ಕಿಸಿರಬಾರದು, ಕೈಯಲ್ಲಷ್ಟೇ ಇರಬೇಕು. 10 ಲೀಟರ್ ಗಾಳಿಯ ಚೀಲ ಸುಮಾರು 10 ಕೆ.ಜಿ. ಭಾರವನ್ನು ಎತ್ತಬಲ್ಲದು. ದಾರ ಸಿಕ್ಕಾದರೆ ಅದು ನಿಮ್ಮನ್ನೂ ಎಳೆದೊಯ್ಯುತ್ತದೆ. ಪಿಯುಸಿಯಲ್ಲಿ ಓದಿದ ಬಾಯ್ಲ್‌ನ ನಿಯಮ ನೆನಪಿದೆಯೇ? 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿನ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 10 ಲೀಟರ್ ಆಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದವರ ಶ್ವಾಸಕೋಶದಲ್ಲೂ ಇದೇ ನಡೆಯುತ್ತದೆ, ಅದು ಜೀವಕ್ಕೇ ಕುತ್ತು. ಆದ್ದರಿಂದ ದಾರ ಸಿಕ್ಕಾದ ಕ್ಷಣ ಸ್ಪೂಲ್ ಬಿಟ್ಟುಬಿಡಿ. ಹೋದರೆ ಒಂದು ಸ್ಪೂಲ್ ಹೋದೀತು, ಅಷ್ಟೆ.

ಕ್ರಮ ಹೀಗೆ: ಮೊದಲು ಮೇಲೆ ನೋಡಿ, ಜೊತೆಗಾರನಿಗೆ ಸನ್ನೆ ಮಾಡಿ. ಚೀಲಕ್ಕೆ ಸ್ವಲ್ಪವೇ ಗಾಳಿ ಊದಿ, ಉಳಿದದ್ದು ಏರುತ್ತಾ ತಾನೇ ಹಿಗ್ಗುತ್ತದೆ. ಸ್ಪೂಲಿನ ತೂತಿಗೆ ಬೆರಳು ತೂರಿಸಿ ಅದು ಸಲೀಸಾಗಿ ತಿರುಗಲು ಬಿಡಿ. ಚೀಲ ಮೇಲೆ ಮುಟ್ಟಿದ ನಂತರ ದಾರ ಸಡಿಲಾಗದಂತೆ ಸುತ್ತುತ್ತಾ ನಿಧಾನ ಮೇಲೇರಿ, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಿ.

ಹಾಗಾದರೆ ರೀಲ್ ಯಾರಿಗೆ? ಮುಳುಗಿದ ಹಡಗು, ಗುಹೆಗಳ ಒಳಗೆ ಹೋಗುವ ವಿಶೇಷ ತರಬೇತಿ ಪಡೆದವರಿಗೆ. ಅಲ್ಲಿ ದಾರವೇ ವಾಪಸು ಬರುವ ದಾರಿ. 2018ರಲ್ಲಿ ಥಾಯ್ಲೆಂಡ್‌ನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಲುಕಿದ್ದರು. ಕದಡಿದ ನೀರಿನಲ್ಲಿ ದಾರ ಹಾಕುತ್ತಾ ಸಾಗಿದ ಬ್ರಿಟನ್ನಿನ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥೆನ್ ಜುಲೈ 2ರಂದು ಅವರನ್ನು ಪತ್ತೆಹಚ್ಚಿದರು. ಜುಲೈ 10ರ ಹೊತ್ತಿಗೆ 13 ಮಂದಿಯೂ ಹೊರಬಂದರು, ದಾರದ ಗುಂಟವೇ.

ಸ್ಪೂಲ್ ಕೊಂಡ ದಿನವೇ ಕಡಲಿಗೆ ಒಯ್ಯಬೇಡಿ. ಮನೆಯಲ್ಲಿ ಕಣ್ಣು ಮುಚ್ಚಿ ಬಿಚ್ಚಿ ಸುತ್ತುವುದನ್ನು ರೂಢಿಸಿಕೊಳ್ಳಿ, ಆಮೇಲೆ ತರಬೇತುದಾರರ ಎದುರು ಈಜುಕೊಳದಲ್ಲಿ ಅಭ್ಯಾಸ ಮಾಡಿ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಇನ್ನು, ಒಮ್ಮೆ ಮುಳುಗಿ ಬರಲಷ್ಟೇ ಹೊರಟವರು ಏನನ್ನೂ ಕೊಳ್ಳಬೇಕಿಲ್ಲ. ಮುಂಗಡ ಹಣ ಕಟ್ಟುವ ಮುನ್ನ ‘ನಮ್ಮ ಜೊತೆ ಇಳಿಯುವ ಗೈಡ್ ಬಳಿ ಎಸ್‌ಎಂಬಿ, ಸ್ಪೂಲ್ ಇರುತ್ತದೆಯೇ?’ ಎಂದು ಕೇಳಿದರೆ ಸಾಕು. ತಡವರಿಸದೆ ‘ಇದೆ’ ಎನ್ನುವವರ ಜೊತೆಗೇ ಹೋಗಿ.