ಮೂತ್ರಪಿಂಡದಲ್ಲಿ ಅಡಗಿದ ಕ್ಷಯ

ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು, ಕಫ, ಸೊರಗಿದ ದೇಹ. ಆದರೆ ಈ ರೋಗಕ್ಕೆ ಶ್ವಾಸಕೋಶವೊಂದೇ ನೆಲೆಯಲ್ಲ. ಸದ್ದಿಲ್ಲದೆ ಮೂತ್ರಪಿಂಡವನ್ನು ಹೊಕ್ಕು, ವರ್ಷಗಟ್ಟಲೆ ಅಡಗಿದ್ದು, ಕಡೆಗೆ ಅದನ್ನು ನಾಶಮಾಡಬಲ್ಲ ಶಕ್ತಿಯೂ ಇದಕ್ಕುಂಟು.

ರೋಗಾಣು ಅಲ್ಲಿಗೆ ತಲುಪುವ ದಾರಿ ಯಾವುದು? ರಕ್ತವೇ. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮೂತ್ರಪಿಂಡಗಳಿಗೆ ಹರಿಯುತ್ತದೆ. ಒಂದೊಂದರಲ್ಲಿಯೂ ಅದನ್ನು ಸೋಸಲು ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿವೆ. ಶ್ವಾಸಕೋಶದಿಂದ ರಕ್ತಕ್ಕಿಳಿದ ಕೆಲವು ಕ್ಷಯಾಣುಗಳು ಇವುಗಳ ಬಳಿ ನೆಲೆಯೂರುತ್ತವೆ. ದೇಹದ ರಕ್ಷಣಾಶಕ್ತಿಯು ಅವನ್ನು ಸುತ್ತುಗಟ್ಟಿ ಸೆರೆಯಲ್ಲಿಡುತ್ತದೆ. ಎಷ್ಟೋ ವರ್ಷಗಳ ಮೇಲೆ ಆ ಶಕ್ತಿ ಕುಂದಿದರೆ ಸೆರೆ ಒಡೆಯುತ್ತದೆ.

ಆಗಲೂ ರೋಗವು ತನ್ನ ಗುರುತನ್ನು ಬಿಟ್ಟುಕೊಡುವುದಿಲ್ಲ. ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು, ಉರಿ, ಕೆಲವೊಮ್ಮೆ ರಕ್ತ ಬೀಳುವುದು: ಇವು ಸಾಮಾನ್ಯ ಸೋಂಕಿನ ಲಕ್ಷಣಗಳೂ ಹೌದು. ಮೂತ್ರವನ್ನು ಪರೀಕ್ಷಿಸಿದರೆ ಕೀವುಕಣಗಳು ಕಾಣುತ್ತವೆ. ಆದರೆ ರೋಗಾಣುಗಳನ್ನು ಬೆಳೆಸಿ ನೋಡಿದರೆ ಏನೂ ಬೆಳೆಯುವುದಿಲ್ಲ. ಈ ಸೋಜಿಗಕ್ಕೆ ಉತ್ತರ ಸರಳವಾದ ಲೆಕ್ಕದಲ್ಲಿದೆ. ಸಾಮಾನ್ಯ ಸೋಂಕಿನ ದಂಡಾಣುವು ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯಾಣುವಿಗೆ ಸುಮಾರು 20 ಗಂಟೆಗಳು ಬೇಕು. ಆಹಾರ ಮುಗಿಯದಿದ್ದರೆ ಒಂದು ದಿನದಲ್ಲಿ ಮೊದಲನೆಯದು 72 ಬಾರಿ ಇಮ್ಮಡಿಸಬಲ್ಲುದು. ಎರಡನೆಯದು ಒಮ್ಮೆ ಮಾತ್ರ! ಒಂದೆರಡು ದಿನ ಕಾದು ನೋಡುವ ಪರೀಕ್ಷೆಗೆ ಅದು ಸಿಕ್ಕುವುದೆಂತು? 1882ರಲ್ಲಿ ಈ ರೋಗಾಣುವನ್ನು ಲೋಕಕ್ಕೆ ತೋರಿಸಿದ ರಾಬರ್ಟ್ ಕಾಕ್‌ನೂ ಅದನ್ನು ಬೆಳೆಸಲು ತಾಳ್ಮೆಯಿಂದ ಕಾಯಬೇಕಾಯಿತು. ಇಂದು ರೋಗಾಣುವಿನ ವಂಶವಸ್ತುವನ್ನೇ ಹುಡುಕುವ ಪರೀಕ್ಷೆಯು ಕೆಲವೇ ಗಂಟೆಗಳಲ್ಲಿ ಉತ್ತರ ಕೊಡಬಲ್ಲುದು. ಆದರೆ ಯಾರಾದರೂ ಕ್ಷಯವನ್ನು ಶಂಕಿಸಿದರೆ ತಾನೆ ಆ ಪರೀಕ್ಷೆ ನಡೆಯುವುದು!

ತಡವಾದಷ್ಟೂ ಅಪಾಯ ಹೆಚ್ಚು. ಮೂತ್ರಪಿಂಡದಿಂದ ಇಳಿದ ರೋಗವು ಮೂತ್ರನಾಳದಲ್ಲಿ ಹುಣ್ಣು ಮಾಡುತ್ತದೆ. ಹುಣ್ಣು ಮಾಯುವಾಗ ನಾಳವು ಕಿರಿದಾಗುತ್ತದೆ. ಕೆಳಗೆ ಕಟ್ಟಿಕೊಂಡ ಕಾಲುವೆಯ ನೀರು ಹಿಂದಕ್ಕೆ ಏರುವಂತೆ ಮೂತ್ರವು ಮೇಲೆ ನಿಲ್ಲುತ್ತದೆ. ಸೋಸುವ ಕೆಲಸ ನಡೆಯುವುದು ಒತ್ತಡದ ವ್ಯತ್ಯಾಸದಿಂದ. ಎದುರೊತ್ತಡ ಹೆಚ್ಚಿದಂತೆ ಅದು ಕುಂಠಿತವಾಗುತ್ತದೆ. ಹೀಗೆಯೇ ಮುಂದುವರಿದರೆ ಹೆಚ್ಚು ನೋವನ್ನೂ ತೋರದೆ ಮೂತ್ರಪಿಂಡವು ಸತ್ತುಹೋಗಬಹುದು.

ಐಸೋನಿಯಾಜಿಡ್, ರಿಫಾಂಪಿಸಿನ್ ಮೊದಲಾದ ಔಷಧಗಳನ್ನು ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಸೇವಿಸಿದರೆ ಈ ರೋಗ ಗುಣವಾಗುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತವಾಗಿ ದೊರೆಯುತ್ತವೆ. ರೋಗಾಣು ಸಾಯುತ್ತಿರುವಾಗಲೂ ನಾಳವು ಕುಗ್ಗಬಹುದಾದುದರಿಂದ, ಚಿಕಿತ್ಸೆಯ ನಡುವೆಯೂ ಅನಂತರವೂ ತಪಾಸಣೆ ಅಗತ್ಯ.

ಕ್ಷಯವನ್ನು ಗುಣಪಡಿಸಬಹುದು, ಸತ್ತ ಮೂತ್ರಪಿಂಡವನ್ನು ಮರಳಿ ಪಡೆಯಲಾಗದು. ಆದುದರಿಂದ ಮನೆಯವರಲ್ಲಿ ಯಾರಿಗಾದರೂ ಮೂತ್ರದ ತೊಂದರೆ ಔಷಧಕ್ಕೆ ಬಗ್ಗದೆ ಮರುಕಳಿಸುತ್ತಿದ್ದರೆ, “ಇದು ಕ್ಷಯವಿರಬಹುದೆ?” ಎಂದು ವೈದ್ಯರನ್ನು ಕೇಳಲು ನಾವು ಸಂಕೋಚಪಡಬಾರದು.